ರಾಯಭಾರ ಕಚೇರಿಯ ಕಲಾಕೃತಿಯ ಬೆಲೆಗೆ ಮೇಲಿನ ಮಿತಿ ಇತ್ತು, ಕೆಳಗಿನ ಮಿತಿ ಬೇಡವಾ?

ಗವಂತಿ_ಧಾರವಾಡ:
ಅಮೆರಿಕ ತನ್ನ ರಾಯಭಾರ ಕಚೇರಿಗಳಿಗೆ ಕಲಾಕೃತಿ ಒದಗಿಸುವ ಕೆಲಸವನ್ನು 1963ರಿಂದ ಮಾಡುತ್ತಿದೆ. 2014ರಲ್ಲಿ ಇಸ್ಲಾಮಾಬಾದ್ ಕಚೇರಿಗೆ ಒಂದು ಒಂಟೆ ಶಿಲ್ಪಕ್ಕೆ 4 ಲಕ್ಷ ಡಾಲರ್ ಕೊಡಲು ಹೊರಟಾಗ ದೊಡ್ಡ ಗಲಾಟೆ ಆಯಿತು. ಆಮೇಲೆ 2021ರ ಒಂದು ಕಾನೂನಿನಲ್ಲಿ, ಒಂದು ಕೃತಿಯ ಬೆಲೆ 25,000 ಡಾಲರ್ ದಾಟಿದರೆ ಮೊದಲು ಸಂಸತ್ತಿನ ಸಮಿತಿಗಳನ್ನು ಕೇಳಬೇಕು ಅಂತ ಬರೆದರು. ಆ ನಿಯಮ ಎರಡು ವರ್ಷಕ್ಕಷ್ಟೇ ಇತ್ತು, 2023ರ ಕೊನೆಗೆ ಮುಗಿಯಿತು. ಜನರ ದುಡ್ಡು, ಕೇಳಲೇಬೇಕು.

ಆದರೆ ನನ್ನ ಸಂಕಟ ಬೇರೆ. ನಾನು 22 ವರ್ಷಗಳಿಂದ ಕಸೂತಿ ಹಾಕುತ್ತಿದ್ದೇನೆ. ಮೂರು ವರ್ಷದ ಹಿಂದೆ ಮಧ್ಯವರ್ತಿಯೊಬ್ಬ ಗೋಡೆಗೆ ತೂಗುಹಾಕಲು ಕಸೂತಿಯಲ್ಲಿ ಒಂದು ಗೋಪುರ ಹಾಕಿಸಿಕೊಂಡ. ಹೊರದೇಶದ ಸರ್ಕಾರಿ ಕಟ್ಟಡಕ್ಕೆ ಹೋಗುತ್ತದೆ ಅಂದ. ಎರಡೂವರೆ ತಿಂಗಳು ಹಿಡಿಯಿತು. ಗವಂತಿ, ಮುರ್ಗಿ ಅನ್ನೋ ಕಸೂತಿ ಹೊಲಿಗೆಗಳಿಗೆ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಒಂದು ಎಳೆ ತಪ್ಪಿದರೆ ಅಷ್ಟೂ ಬಿಚ್ಚಬೇಕು. ಕೈಗೆ ಬಂದದ್ದು 6,000 ರೂಪಾಯಿ. ಅದು ಯಾವ ಗೋಡೆ ಮೇಲಿದೆಯೋ ಇವತ್ತಿಗೂ ಗೊತ್ತಿಲ್ಲ. ಇಷ್ಟಕ್ಕಿಂತ ಕಡಿಮೆ ಕೊಡಬಾರದು ಅಂತಲೂ ಒಂದು ಗೆರೆ ಬೇಕಲ್ವಾ?

ಲೆಕ್ಕದ_ಮಾಸ್ತರ್, ಗದಗ:
ಮೇಲಿನ ಮಿತಿಯೂ ಬೇಕೇ ಬೇಕು ಅಕ್ಕ. ಆ ಒಂದು ಒಂಟೆಯ ದುಡ್ಡಲ್ಲಿ 25,000 ಡಾಲರಿನ 16 ಕೃತಿ ಬರುತ್ತಿದ್ದವು. ಮಿತಿ ಇಲ್ಲದಿದ್ದರೆ ಹೆಸರಾದವರಿಗೇ ಎಲ್ಲಾ ಹೋಗುತ್ತದೆ. ಅಂದಹಾಗೆ ಅಲ್ಲಿ ಎಷ್ಟೋ ಕೃತಿಗಳನ್ನು ಕೊಳ್ಳುವುದೇ ಇಲ್ಲ, ಕಲಾವಿದರಿಂದ, ಗ್ಯಾಲರಿಗಳಿಂದ ಕಡ ತಂದು ರಾಯಭಾರಿ ಇರುವಷ್ಟು ದಿನ ತೂಗುಹಾಕುತ್ತಾರೆ.

ಬೆಂಗೇರಿ_ಹುಡುಗ:
ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುತ್ತಾರೆ. ಬಟ್ಟೆ, ಬಣ್ಣ, ಅಳತೆ ಎಲ್ಲಾ ಬಿಐಎಸ್ ಅನ್ನೋ ಸರ್ಕಾರಿ ಗುಣಮಟ್ಟ ಸಂಸ್ಥೆಯ ನಿಯಮದ ಪ್ರಕಾರ. ಅದು ಎಲ್ಲಿ ಹಾರಿದರೂ ಬೆಂಗೇರಿಯದ್ದು ಅಂತ ಹೇಳಬಹುದು. ನಿಮ್ಮ ಗೋಪುರಕ್ಕೆ ಆ ಗುರುತೇ ಇಲ್ಲ. ಮೊದಲಿಗೆ, ಕಸೂತಿ ಹಾಕಿದವರ ಹೆಸರು, ಅವರ ಕೈಗೆ ಸೇರಿದ ಹಣ, ಎರಡನ್ನೂ ಬರೆದು ಕೃತಿಯ ಪಕ್ಕ ಅಂಟಿಸಲಿ. ಗೆರೆ ಆಮೇಲೆ ತಾನಾಗಿ ಬರುತ್ತದೆ.

ಗವಂತಿ_ಧಾರವಾಡ:
ತಾನಾಗಿ ಬರುತ್ತದೆ ಅಂತ ನನಗೆ ನಂಬಿಕೆ ಇಲ್ಲ ತಮ್ಮಾ. ದಿನಗೂಲಿಯ ಲೆಕ್ಕದಲ್ಲಾದರೂ ಕಾಗದದ ಮೇಲೆ ಬರಬೇಕು. ಹೆಸರಿನ ಮಾತು ಮಾತ್ರ ಮನಸ್ಸಿಗೆ ನಾಟಿತು. ಈಗ ಒಂದು ತೇರು ಹಾಕುತ್ತಿದ್ದೇನೆ. ಗವಂತಿಗೆ ಹಿಂದು ಮುಂದು ಅಂತ ಇಲ್ಲ, ಎರಡೂ ಬದಿ ಒಂದೇ ಥರ, ಹಿಂದೆ ಬರೆದು ಬಚ್ಚಿಡಲು ಆಗದು. ಕೆಳಗಿನ ಅಂಚಿನಲ್ಲೇ ನನ್ನ ಹೆಸರು, ಹಿಡಿದ ದಿನಗಳು, ಎರಡನ್ನೂ ಕೆಂಪು ದಾರದಲ್ಲಿ ಹಾಕುತ್ತೇನೆ.