ಸಬ್ಜೆಕ್ಟೂ ಪ್ರಜೆ, ಸಿಟಿಜನ್ನೂ ಪ್ರಜೆ?

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ಸೋದರತ್ತೆಗೆ ಈಗ 81. ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಗ್ರೀನ್ ಕಾರ್ಡ್ ಸಿಕ್ಕಿ 20 ವರ್ಷ ದಾಟಿದೆ. ಮುಂದಿನ ತಿಂಗಳು ಅಮೆರಿಕದ ಪೌರತ್ವಕ್ಕೆ ಸಂದರ್ಶನ. 65 ದಾಟಿದವರು, ಗ್ರೀನ್ ಕಾರ್ಡ್ ಸಿಕ್ಕಿ 20 ವರ್ಷ ಆಗಿದ್ದರೆ, ಅಲ್ಲಿನ ಸರ್ಕಾರ ಮತ್ತು ಚರಿತ್ರೆಯ ಬಗ್ಗೆ ಕೇಳುವ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲೇ ಉತ್ತರ ಕೊಡಬಹುದು. ದುಭಾಷಿ ಜೊತೆಗಿರುತ್ತಾರೆ. ಹಾಗಾಗಿ ದಿನಾ ರಾತ್ರಿ ವಾಟ್ಸಾಪ್‌ನಲ್ಲಿ ನನ್ನದು ಪಾಠ, ಅವರದು ನೋಟ್‌ಬುಕ್ಕು.

ಪ್ರಶ್ನೆಗಳಿಗೆ ತೊಂದರೆಯಾಗಲಿಲ್ಲ. ಸಂವಿಧಾನ ಬರೆದದ್ದು 1787, ಸೆನೆಟರ್‌ಗಳು 100, ಎಲ್ಲ ಬಾಯಿಪಾಠ. ಸಿಕ್ಕಿಹಾಕಿಕೊಂಡಿದ್ದು ಕೊನೆಯಲ್ಲಿ ಮಾಡಬೇಕಾದ ಪ್ರಮಾಣವಚನದಲ್ಲಿ. ಅರ್ಥ ಗೊತ್ತಿಲ್ಲದೆ ಪ್ರಮಾಣ ಮಾಡಲ್ಲ ಅಂತ ಅತ್ತೆಯ ಹಠ. ಅದರ ಮೊದಲ ಸಾಲಿನ ತಿರುಳು ಇಷ್ಟು: ಇದುವರೆಗೆ ನಾನು ಯಾರ ಅಥವಾ ಯಾವುದರ ಸಬ್ಜೆಕ್ಟ್ ಇಲ್ಲವೇ ಸಿಟಿಜನ್ ಆಗಿದ್ದೆನೋ, ಆ ಪರದೇಶದ ರಾಜ, ಅಧಿಪತಿ, ದೇಶ, ಪ್ರಭುತ್ವ ಎಲ್ಲದರ ಮೇಲಿನ ನಿಷ್ಠೆಯನ್ನೂ ಬಿಟ್ಟುಕೊಡುತ್ತೇನೆ. ಇಲ್ಲಿ ಸಬ್ಜೆಕ್ಟ್ ಅಂದರೆ ರಾಜನ ಆಳ್ವಿಕೆಗೆ ಒಳಪಟ್ಟವನು, ಸಿಟಿಜನ್ ಅಂದರೆ ದೇಶದ ಪೌರತ್ವ ಇರುವವನು.

ನಾನು ಓದುವ ಭರದಲ್ಲಿ "ಪ್ರಜೆ ಅಥವಾ ಪ್ರಜೆ" ಅಂದುಬಿಟ್ಟೆ. "ಎರಡೆರಡು ಸಲ ಯಾಕೋ?" ಅಂದರು ಅತ್ತೆ.

ನಿಘಂಟು ತೆಗೆದರೆ ಎರಡಕ್ಕೂ ಪ್ರಜೆ ಇದೆ. ಸಂಸ್ಕೃತದಲ್ಲಿ ಪ್ರಜೆ ಅಂದರೆ ಸಂತಾನ. ರಾಜ ತಂದೆ, ಆಳಿಸಿಕೊಳ್ಳುವವರು ಮಕ್ಕಳು. "ರಾಜನಂತೆ ಪ್ರಜೆ" ಅನ್ನುವಾಗ ಇರುವುದು ಈ ಪ್ರಜೆಯೇ. 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗಲೂ ಪ್ರಜೆ ಮಹಾರಾಜರ ಪ್ರಜೆಯೇ. ಆಮೇಲೆ ರಾಜರು ಹೋದರು, ಪದ ಉಳಿಯಿತು. ಪ್ರಜಾಪ್ರಭುತ್ವ ಅನ್ನುವ ಪದದಲ್ಲಂತೂ ಪ್ರಜೆಯೇ ಪ್ರಭು. ನಮಗೆ ಇದು ಸಲೀಸು. ಅಮೆರಿಕದವರ ಕಥೆ ಹೇಳುವಾಗ ಮಾತ್ರ ಕಾಲಿಗೆ ತೊಡರುತ್ತದೆ.

ಯಾಕೆಂದರೆ ಅಲ್ಲಿ ಎಲ್ಲ ನಿಂತಿರುವುದೇ ಈ ಎರಡು ಪದಗಳ ನಡುವಿನ ವ್ಯತ್ಯಾಸದ ಮೇಲೆ. 1776ರ ಜೂನ್‌ನಲ್ಲಿ ಥಾಮಸ್ ಜೆಫರ್ಸನ್ (ಮುಂದೆ ಅಮೆರಿಕದ ಅಧ್ಯಕ್ಷರಾದವರು) ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆಯುತ್ತಿದ್ದರು. ಅಲ್ಲಿಯವರೆಗೆ ತಮ್ಮನ್ನು ಆಳುತ್ತಿದ್ದ ಬ್ರಿಟನ್ ದೊರೆಯ ಮೇಲಿನ ದೂರುಗಳ ಪಟ್ಟಿಯಲ್ಲಿ ಒಂದು ಕಡೆ ತಮ್ಮ ಜನರನ್ನು "ಸಬ್ಜೆಕ್ಟ್ಸ್" ಅಂತ ಬರೆದರು. ಶಾಯಿ ಹಸಿಯಿದ್ದಾಗಲೇ ಒರೆಸಿ, ಅದರ ಮೇಲೇ "ಸಿಟಿಜನ್ಸ್" ಅಂತ ತಿದ್ದಿದರು. ಬೇರೆ ಕಡೆ ಬೇಡದ ಪದದ ಮೇಲೆ ಸುಮ್ನೆ ಗೀಟು ಎಳೆದವರು ಇದನ್ನು ಮಾತ್ರ ಕಾಣದ ಹಾಗೆ ಅಳಿಸಿದ್ದರು. ಒರೆಸಿದ ಪದ ಏನೆಂದು 2010ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ವಿಶೇಷ ಕ್ಯಾಮೆರಾ ಇಟ್ಟು ಓದಿ ಹೇಳಿದರು. ಹಳೇ ಅಭ್ಯಾಸದಲ್ಲಿ ಕೈ ಬರೆದುಬಿಟ್ಟಿದೆ, ತಲೆ ತಡೆದಿದೆ. ಈಗ ಇದನ್ನು ಕನ್ನಡದಲ್ಲಿ ಹೇಳಿ ನೋಡಿ: "ಪ್ರಜೆಗಳು ಎಂಬುದನ್ನು ಅಳಿಸಿ ಪ್ರಜೆಗಳು ಎಂದು ಬರೆದರು." ನಗು ಬರುತ್ತದೆ, ಅಲ್ವಾ?

ಪ್ರಮಾಣವಚನದ "ಯಾರ ಅಥವಾ ಯಾವುದರ" ಅನ್ನುವುದನ್ನು ಮೊದಲು ವಕೀಲರ ಚಟ ಅಂದುಕೊಂಡಿದ್ದೆ. ಈಗ ಬೇರೆ ಹಾಗೆ ಕಾಣುತ್ತಿದೆ. ಸಬ್ಜೆಕ್ಟ್ ಒಬ್ಬ ಮನುಷ್ಯನಿಗೆ ಸೇರಿದವನು, ಸಿಟಿಜನ್ ಒಂದು ದೇಶಕ್ಕೆ. ಅಮೆರಿಕದ ಅಧ್ಯಕ್ಷರೂ ಪ್ರಮಾಣ ಮಾಡುವುದು ಸಂವಿಧಾನ ಕಾಯುತ್ತೇನೆ ಎಂದೇ. ಉಳಿದ ಅಧಿಕಾರಿಗಳೂ ನಿಷ್ಠೆ ತೋರಬೇಕಾದ್ದು ಸಂವಿಧಾನಕ್ಕೆ, ಅಧ್ಯಕ್ಷರಿಗಲ್ಲ. ರಾಜಮನೆತನದ ಥರದ ಬಿರುದು ಕೊಡಲೂ ಅಲ್ಲಿನ ಸರ್ಕಾರಕ್ಕೆ ಅವಕಾಶವಿಲ್ಲ. ಹಾಗಂತ ಸಿಟಿಜನ್ ಪದ ಎಲ್ಲರಿಗೂ ದಕ್ಕಲಿಲ್ಲ. ಕಪ್ಪು ಜನ ಸಿಟಿಜನ್‌ಗಳೇ ಅಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1857ರಲ್ಲಿ ತೀರ್ಪು ಕೊಟ್ಟಿತ್ತು. ಯಾರು ಸಿಟಿಜನ್ ಎಂದು ಸಂವಿಧಾನದಲ್ಲೇ ಬರೆದದ್ದು 1868ರ 14ನೇ ತಿದ್ದುಪಡಿಯಲ್ಲಿ. ತಮಾಷೆ ಅಂದರೆ ಅದೇ ಸಾಲಿನಲ್ಲಿ ಸಬ್ಜೆಕ್ಟ್ ಮತ್ತೆ ಬರುತ್ತದೆ. ಅಲ್ಲಿ ಅರ್ಥ ಬೇರೆ: ದೇಶದ ಕಾನೂನಿಗೆ "ಒಳಪಟ್ಟ".

ಸರಿ, ಕನ್ನಡಕ್ಕೆ ಬರೋಣ. ಸಿಟಿಜನ್‌ಗೆ ನಾಗರಿಕ ಅನ್ನಬಹುದು. ಬಸ್ಸಿನ ಸೀಟಿನ ಮೇಲೆ "ಹಿರಿಯ ನಾಗರಿಕರಿಗೆ" ಅಂತ ಇರುತ್ತದಲ್ಲ, ಅದು. ಆದರೆ ಅದರ ಬೆನ್ನಿಗೇ "ಅನಾಗರಿಕ" ನಿಂತಿರುತ್ತದೆ, ನನಗೆ ಕಸಿವಿಸಿ. ಪೌರತ್ವ ಎಲ್ಲರ ಬಾಯಲ್ಲೂ ಇದೆ, ಪೌರ ಯಾರ ಬಾಯಲ್ಲೂ ಇಲ್ಲ. ಸಬ್ಜೆಕ್ಟ್‌ಗೆ ಒಕ್ಕಲು ನೋಡಿದೆ. ಅದರಲ್ಲಿ ಹೊಲ, ಗೇಣಿಯ ವಾಸನೆ ಜಾಸ್ತಿ. ರಯತ ಎಂಬ ಪದಕ್ಕೆ ಈ ಅರ್ಥ ಇತ್ತು, ಆದರೆ ಅದು ನಮ್ಮಲ್ಲಿ ರೈತನಾಗಿ ಹೊಲಕ್ಕೆ ಹೋಗಿಬಿಟ್ಟಿದೆ.

ಕೊನೆಗೆ ಒಂದೇ ಪದದ ಆಸೆ ಬಿಟ್ಟು ಅತ್ತೆಗೆ ಹೀಗೆ ಬರೆಸಿದೆ: "ಯಾವ ದೊರೆಯ ಪ್ರಜೆಯಾಗಿದ್ದೆನೋ, ಯಾವ ದೇಶದ ಪೌರತ್ವ ಹೊಂದಿದ್ದೆನೋ." ಬರೆದು ಮುಗಿಸಿ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಎರಡೂ ಆಗಿದ್ದೆ ಕಣೋ. ಹುಟ್ಟಿದ್ದು 44ರಲ್ಲಿ, ಮೈಸೂರಲ್ಲಿ. ಆಗ ಮಹಾರಾಜರ ಪ್ರಜೆ" ಅಂದರು.

ಪ್ರಮಾಣವಚನಕ್ಕೆ ಇದು ಹೇಗೋ ನಡೆಯುತ್ತದೆ. ಜೆಫರ್ಸನ್ ಒರೆಸಿದ ಪದಕ್ಕೆ ನಡೆಯುವುದಿಲ್ಲ, ಅಲ್ಲಿ ಒಂದಕ್ಕೆ ಒಂದೇ ಪದ ಬೇಕು. ಶಾಸನಗಳಲ್ಲಿ, ಹಳೇ ಮೈಸೂರಿನ ಸರ್ಕಾರಿ ಕಾಗದಗಳಲ್ಲಿ, ಅಥವಾ ನಿಮ್ಮ ಊರ ಕಡೆಯ ಮಾತಿನಲ್ಲಿ ದೊರೆಯ ಕೈಕೆಳಗಿನವರಿಗೆ ಪ್ರಜೆ ಬಿಟ್ಟು ಬೇರೆ ಪದ ಕಂಡಿದ್ದರೆ ತಿಳಿಸಿ. ಬಳಸಿದ ವಾಕ್ಯವನ್ನೂ ಹಾಕಿದರೆ ಒಳ್ಳೆಯದು. ಅತ್ತೆ ಪೆನ್ಸಿಲಿನಲ್ಲೇ ಬರೆದುಕೊಂಡಿದ್ದಾರೆ, ತಿದ್ದಬಹುದು.