ಪಿ ಮೌಲ್ಯ ಒಂದು ಗುಂಪಿನಲ್ಲಿ 0.007, ಇನ್ನೊಂದರಲ್ಲಿ 0.07: ಟೇಪಿಂಗ್ ಮೇಲು ಎಂದು ಬರೆಯಬಹುದೇ?

ಪ್ರಶ್ನೆ (ಫಿಸಿಯೋಥೆರಪಿ ಸ್ನಾತಕೋತ್ತರ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನನ್ನ ಪ್ರಬಂಧಕ್ಕಾಗಿ ದೀರ್ಘಕಾಲದ ಸೊಂಟನೋವಿರುವ 40 ಜನರನ್ನು ಯಾದೃಚ್ಛಿಕವಾಗಿ 20ರಂತೆ ಎರಡು ಗುಂಪುಗಳಿಗೆ ಹಂಚಿ, ಒಂದು ಗುಂಪಿಗೆ ವ್ಯಾಯಾಮದ ಜೊತೆ ಕಿನೀಸಿಯೋ ಟೇಪಿಂಗ್ (ಚರ್ಮದ ಮೇಲೆ ಹಿಗ್ಗುವ ಟೇಪ್ ಹಚ್ಚುವುದು), ಇನ್ನೊಂದಕ್ಕೆ ವ್ಯಾಯಾಮವನ್ನಷ್ಟೇ ನಾಲ್ಕು ವಾರ ಕೊಡಲಾಯಿತು. 0ಯಿಂದ 10ರವರೆಗಿನ ಅಳತೆಯಲ್ಲಿ ಟೇಪಿಂಗ್ ಗುಂಪಿನ ಸರಾಸರಿ ನೋವು 6.8ರಿಂದ 4.9ಕ್ಕೂ, ವ್ಯಾಯಾಮದ ಗುಂಪಿನದು 6.7ರಿಂದ 5.5ಕ್ಕೂ ಇಳಿದಿದೆ. ಬದಲಾವಣೆಯ ಮಾನಕ ವಿಚಲನೆ (ಸರಾಸರಿಯ ಸುತ್ತ ಅಂಕಗಳು ಎಷ್ಟು ಚದುರಿವೆ ಎಂಬ ಅಳತೆ) ಎರಡರಲ್ಲೂ ಸುಮಾರು 2.8. ಅದೇ ಜನರ ಮೊದಲಿನ ಮತ್ತು ನಂತರದ ಅಂಕಗಳನ್ನು ಹೋಲಿಸುವ ಪೇರ್ಡ್ ಟಿ-ಟೆಸ್ಟ್ ಮಾಡಿದಾಗ ಮೊದಲ ಗುಂಪಿನ ಪಿ ಮೌಲ್ಯ (ನಿಜಕ್ಕೂ ಬದಲಾವಣೆ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ದೊಡ್ಡ ಬದಲಾವಣೆ ಕಾಣುವ ಸಂಭವ; 0.05ಕ್ಕಿಂತ ಕಡಿಮೆಯಿದ್ದರೆ ಗಣನೀಯವೆನ್ನುವುದು ರೂಢಿ) 0.007 ಬಂದರೆ ಎರಡನೆಯದರದು 0.07 ಬಂದಿದೆ. ಹಾಗಾಗಿ ‘ಟೇಪಿಂಗ್ ಹೆಚ್ಚು ಪರಿಣಾಮಕಾರಿ’ ಎಂದು ಬರೆಯಬಹುದೆಂದು ಸಹಪಾಠಿಗಳು ಹೇಳುತ್ತಾರೆ. ಹಿಂದಿನ ಕೆಲವು ಪ್ರಬಂಧಗಳಲ್ಲೂ ಹೀಗೆಯೇ ಬರೆದಿದ್ದಾರೆ. ಇದು ಸರಿಯೇ ಎಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಸಂಶೋಧನಾ ವಿಧಾನದ ಬೋಧಕ)

ಹಾಗೆ ಬರೆಯಲು ಬರುವುದಿಲ್ಲ. ನೀವು ಮಾಡಿರುವ ಎರಡು ಟೆಸ್ಟ್‌ಗಳೂ ಪ್ರತಿ ಗುಂಪನ್ನು ಅದರದೇ ಮೊದಲಿನ ಸ್ಥಿತಿಯೊಂದಿಗೆ ಹೋಲಿಸುತ್ತವೆಯೇ ಹೊರತು ಒಂದು ಗುಂಪನ್ನು ಇನ್ನೊಂದರ ಎದುರಿಗೆ ಇಡುವುದೇ ಇಲ್ಲ. ಹೋಲಿಕೆಗೆಂದೇ ಎರಡನೆಯ ಗುಂಪನ್ನು ಸೇರಿಸಿಕೊಂಡು, ಕೊನೆಗೆ ಹೋಲಿಕೆಯನ್ನೇ ಕೈಬಿಟ್ಟಂತಾಗಿದೆ. ನಿಮ್ಮ ಅಂಕಿಗಳನ್ನೇ ನೋಡೋಣ. ಒಂದರಲ್ಲಿ ಇಳಿಕೆ 1.9, ಇನ್ನೊಂದರಲ್ಲಿ 1.2, ವ್ಯತ್ಯಾಸ 0.7. ನೀವು ಕೊಟ್ಟ ಮಾನಕ ವಿಚಲನೆಯಿಂದ ಲೆಕ್ಕ ಹಾಕಿದರೆ ಈ ವ್ಯತ್ಯಾಸದ ಶೇ 95ರ ಕಾನ್ಫಿಡೆನ್ಸ್ ಇಂಟರ್‌ವಲ್ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿಯ ಅಂದಾಜು) ಸುಮಾರು ಮೈನಸ್ 1.1ರಿಂದ 2.5ರವರೆಗೆ ಚಾಚುತ್ತದೆ, ಪಿ ಮೌಲ್ಯ 0.4ರ ಆಸುಪಾಸಿಗೆ ಬರುತ್ತದೆ. ಅಂದರೆ ಟೇಪಿಂಗ್ ಮೇಲೆಂದು ಇದರಿಂದ ಹೇಳಲಾಗದು.

ಹಾಗೆಂದು ‘ಟೇಪಿಂಗ್‌ನಿಂದ ಪ್ರಯೋಜನವಿಲ್ಲ’ ಎಂದೂ ಬರೆಯಬೇಡಿ. ಸೊಂಟನೋವಿನಲ್ಲಿ ರೋಗಿಗೆ ಗೊತ್ತಾಗುವಷ್ಟು ಸುಧಾರಣೆಯೆಂದರೆ 2 ಅಂಕಗಳ ಇಳಿಕೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ನಿಮ್ಮ ಇಂಟರ್‌ವಲ್‌ನೊಳಗೆ ಸೊನ್ನೆಯೂ ಇದೆ, 2 ಕೂಡ ಇದೆ. ಎರಡರಲ್ಲಿ ಯಾವುದನ್ನೂ ಈ ಅಧ್ಯಯನ ತಳ್ಳಿಹಾಕಲಾರದು. ಇದೇ ವಿಚಲನೆಯಿದ್ದು 2 ಅಂಕಗಳ ವ್ಯತ್ಯಾಸವನ್ನು ಶೇ 80ರ ಪವರ್‌ನೊಂದಿಗೆ (ಅಂದರೆ ವ್ಯತ್ಯಾಸ ನಿಜಕ್ಕೂ ಇದ್ದರೆ ಅದು ಸಿಗುವ ಸಂಭವ ಶೇ 80 ಇರುವಂತೆ) ಪತ್ತೆಹಚ್ಚಬೇಕಾದರೆ, ಮಧ್ಯದಲ್ಲಿ ಬಿಟ್ಟುಹೋಗುವವರನ್ನು ಲೆಕ್ಕಿಸದೆಯೇ ಗುಂಪಿಗೆ ಸುಮಾರು 32 ಜನ ಬೇಕು. ಆರಂಭದ ನೋವಿನ ಅಂಕವನ್ನೂ ಲೆಕ್ಕಕ್ಕೆ ಹಿಡಿದು ಗುಂಪುಗಳನ್ನು ಹೋಲಿಸುವ ಅಂಕೋವಾ (ANCOVA) ವಿಶ್ಲೇಷಣೆ ಮಾಡಿದರೆ ಇಂಟರ್‌ವಲ್ ಸ್ವಲ್ಪ ಕಿರಿದಾದೀತು.

ಉತ್ತರ (ಫಿಸಿಯೋಥೆರಪಿಸ್ಟ್)

ವ್ಯಾಯಾಮದ ಗುಂಪಿನ 1.2ರ ಇಳಿಕೆಯನ್ನೂ ಪೂರ್ತಿಯಾಗಿ ವ್ಯಾಯಾಮದ ಖಾತೆಗೆ ಹಾಕುವಂತಿಲ್ಲ. ಸೊಂಟನೋವು ಏರಿಳಿಯುತ್ತಲೇ ಇರುವ ತೊಂದರೆ. ಜನ ಚಿಕಿತ್ಸೆಗೆ ಬರುವುದು ಅದು ಏರಿದ ದಿನಗಳಲ್ಲಿ, ಆದ್ದರಿಂದ ಏನೂ ಮಾಡದಿದ್ದರೂ ಮುಂದಿನ ಅಳತೆ ಅವರವರ ಸರಾಸರಿಯತ್ತ ಇಳಿಯುವ ಸಂಭವ ಹೆಚ್ಚು. (ಒಪಿಡಿಯಲ್ಲಿ ‘ಗುಣವಾದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ’ ಎಂಬ ವಾದಕ್ಕೆ ಅರ್ಧ ಬಲ ಬರುವುದು ಇಲ್ಲಿಂದಲೇ.)

ಬ್ಲೈಂಡಿಂಗ್ (ಯಾರು ಯಾವ ಗುಂಪಿನಲ್ಲಿದ್ದಾರೆಂದು ತಿಳಿಯದಂತೆ ಇಡುವುದು) ವಿಷಯವನ್ನೂ ಗಮನಿಸಿ. ತಮಗೆ ಟೇಪ್ ಹಚ್ಚಿದ್ದಾರೋ ಇಲ್ಲವೋ ಎಂಬುದು ರೋಗಿಗಳಿಗೆ ಗೊತ್ತು, ನೋವಿನ ಅಂಕ ಹೇಳುವವರೂ ಅವರೇ. ಅಂಕ ಬರೆದುಕೊಂಡವರಿಗೆ ಗುಂಪು ತಿಳಿದಿರಲಿಲ್ಲವೆಂದರೂ, ಫಿಸಿಯೋಥೆರಪಿ ಪ್ರಯೋಗಗಳ ಗುಣಮಟ್ಟ ಅಳೆಯುವ ಪೆಡ್ರೋ (PEDro) ಸ್ಕೇಲ್‌ನಲ್ಲಿ ನಿಮ್ಮ ಅಧ್ಯಯನಕ್ಕೆ ಆ ಬಾಬ್ತಿನ ಅಂಕ ಸಿಗದು. ರೋಗಿಯೇ ಹೇಳುವ ಫಲಿತಾಂಶದಲ್ಲಿ ರೋಗಿಗೂ ಗುಂಪು ತಿಳಿದಿರಬಾರದು ಎಂಬುದು ಅದರ ನಿಯಮ. 2014ರಲ್ಲಿ ಪ್ರಕಟವಾದ, 148 ಜನರ ಬ್ರೆಜಿಲ್ ಪ್ರಯೋಗದಲ್ಲಿ ಇದಕ್ಕೊಂದು ದಾರಿಯಿದೆ: ಎರಡೂ ಗುಂಪುಗಳಿಗೆ ಟೇಪ್ ಹಚ್ಚಿ, ಒಂದರಲ್ಲಿ ಮಾತ್ರ ಅದನ್ನು ಎಳೆದು ಹಚ್ಚಿದ್ದರು. ಎಳೆದು ಹಚ್ಚಿದ್ದು ಸುಮ್ಮನೆ ಹಚ್ಚಿದ್ದಕ್ಕಿಂತ ಮೇಲೆಂದು ಅಲ್ಲಿ ಕಂಡುಬರಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲವೆಂದು ಬರೆದರೆ ಪರೀಕ್ಷಕರು ಪ್ರಬಂಧವನ್ನು ಒಪ್ಪುವರೇ ಎಂಬ ಅಳುಕಿದೆ, ಸರ್.

ಉತ್ತರ (ಸಂಶೋಧನಾ ವಿಧಾನದ ಬೋಧಕ)

ಒಪ್ಪದಿರಲು ಕಾರಣವಿಲ್ಲ, ವಿಧಾನವನ್ನು ಬಲ್ಲ ಪರೀಕ್ಷಕರು ಮೊದಲು ಕೇಳುವುದೇ ಆ ಹೋಲಿಕೆಯನ್ನು. 0.7 ಎಂಬ ವ್ಯತ್ಯಾಸವನ್ನು ಇಂಟರ್‌ವಲ್ ಸಮೇತ ಸಾರಾಂಶದಲ್ಲೇ ಕೊಡಿ. ಪ್ರಸ್ತಾವನೆಯಲ್ಲಿ ಮುಖ್ಯ ಫಲಿತಾಂಶವೆಂದು ನಮೂದಿಸಿದ್ದು ನೋವೇ ಆಗಿದ್ದರೆ ಅದೇ ಮುಖ್ಯವಾಗಿರಲಿ. ಅಲ್ಲಿ ಸಿಗದ ವ್ಯತ್ಯಾಸವನ್ನು ಬೆನ್ನು ಬಾಗುವ ಕೋನದಲ್ಲೋ, ಯಾವುದೋ ಒಂದು ವಯೋಮಾನದವರಲ್ಲೋ ಹುಡುಕಿ ತೆಗೆದು ಮುನ್ನೆಲೆಗೆ ತರಬೇಡಿ.