‘ಕೆರಳಿದೆ’ ಎಂದರೆ ಕೆಟ್ಟಿದೆ ಎಂದೇ? ಚರ್ಮದ ಉಬ್ಬಿಗೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಅಮ್ಮನ ಬೆನ್ನಿನ ಮೇಲೆ, ರವಿಕೆಯ ಅಂಚು ತಾಗುವ ಕಡೆ, ಬಹಳ ವರ್ಷದಿಂದ ಒಂದು ಕಂದು ಉಬ್ಬಿತ್ತು. ಮೇಣದ ಚೂರನ್ನು ಅಂಟಿಸಿಟ್ಟ ಹಾಗೆ, ಮುಟ್ಟಿದರೆ ಒರಟು. ಹೋದ ತಿಂಗಳು ಅದು ಕೆಂಪಾಗಿ, ನವೆ ಎದ್ದು, ಸ್ವಲ್ಪ ರಕ್ತವೂ ಜಿನುಗಿತು. ಚರ್ಮದ ಡಾಕ್ಟರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿ ‘ಇರಿಟೇಟೆಡ್ ಸೆಬೊರಿಕ್ ಕೆರಟೋಸಿಸ್’ ಎಂದಿತ್ತು. ಅಂದರೆ ವಯಸ್ಸಾದವರಿಗೆ ಏಳುವ, ಕ್ಯಾನ್ಸರ್ ಅಲ್ಲದ ಚರ್ಮದ ಉಬ್ಬು, ಅದು ‘ಇರಿಟೇಟೆಡ್’, ಕೆರಳಿದ್ದು. “ಗಡ್ಡೆ ಕೆರಳಿದೆಯಂತೆ ಅಮ್ಮಾ, ಭಯ ಇಲ್ಲ” ಅಂದೆ. ‘ಭಯ ಇಲ್ಲ’ ಅನ್ನುವುದು ಅಮ್ಮನ ಕಿವಿಗೆ ಬೀಳಲೇ ಇಲ್ಲ. ಅವತ್ತು ರಾತ್ರಿ ಊಟ ಮಾಡಲಿಲ್ಲ.

ತಪ್ಪು ನನ್ನ ಪದಗಳದ್ದು. ಗಡ್ಡೆ ಎಂದರೆ ಈಗ ಎಲ್ಲರಿಗೂ ಕ್ಯಾನ್ಸರೇ. ಗಂತಿ ಅನ್ನೋಣವೆಂದರೆ ಏಡಿಗಂತಿ, ಅಂದರೆ ಮತ್ತೆ ಕ್ಯಾನ್ಸರೇ, ನೆನಪಾಗುತ್ತದೆ. ಮಚ್ಚೆ ಎನ್ನಲಾಗದು, ಅದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಗುಂಪು, ಇದು ಹೊರಪದರದ ಕೋಶಗಳೇ ದಪ್ಪಗಟ್ಟಿದ್ದು. ನರೂಲಿ ವೈರಸ್ಸಿನಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ಇದು ಅಂಟುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಕುತ್ತಿಗೆಯ ಮೇಲೆ ತೊಟ್ಟಿನ ಹಾಗೆ ಜೋತಾಡುವುದಕ್ಕೂ ನರೂಲಿ ಎಂದೇ ಹೆಸರು. ಅಜ್ಜಿ ಅದರ ಬುಡಕ್ಕೆ ಕುದುರೆ ಬಾಲದ ಕೂದಲು ಬಿಗಿಯುತ್ತಿದ್ದರು. ‘ಬೆಳವಣಿಗೆ’ ಪುಸ್ತಕದ ಮಾತು. ಮಗುವಿಗೆ, ಪೈರಿಗೆ ಒಪ್ಪುತ್ತದೆ, ಬೆನ್ನಿನ ಉಬ್ಬಿಗಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಕೆರಳು’. ಹಾವು ಕೆರಳುತ್ತದೆ, ಹುಣ್ಣು ಕೆರಳುತ್ತದೆ. ಎರಡರಲ್ಲೂ ಒಳಗೆ ಅಡಗಿದ್ದದ್ದು ಎದ್ದು ಬಂದಿತೆಂಬ ಧ್ವನಿಯಿದೆ. ವರದಿ ಹೇಳುತ್ತಿರುವುದು ಬೇರೆ: ಬಟ್ಟೆ ಉಜ್ಜಿ, ಉಗುರು ತಾಗಿ, ಹೊರಗಿನಿಂದ ಆದ ಉರಿಯೂತ. ‘ಕೆರಳಿಸಲ್ಪಟ್ಟ’ ಎಂದು ಬರೆಯಬಹುದು, ಅಮ್ಮನ ಮುಂದೆ ಆಡಲಾಗದು. ಮರುದಿನ “ರವಿಕೆ ಉಜ್ಜಿ ಉಜ್ಜಿ ಹಸಿಯಾಗಿದೆ ಅಷ್ಟೆ” ಅಂದೆ. ಮುಖ ತಿಳಿಯಾಯಿತು.

ನಿಜವಾಗಿ ಹೆದರಬೇಕಾದ ಬದಲಾವಣೆಗೆ ‘ತಿರುಗಿದೆ’ ಎಂಬ ಒಳ್ಳೆಯ ಪದ ಬಳಕೆಯಲ್ಲಿದೆ: ‘ಮಚ್ಚೆ ಕ್ಯಾನ್ಸರಿಗೆ ತಿರುಗಿದೆ’. ಅಂಥ ಮಚ್ಚೆಯ ಎರಡು ಅರ್ಧ ಒಂದೇ ಥರ ಇರುವುದಿಲ್ಲ, ಅಂಚು ಹರಕು, ಬಣ್ಣ ಒಂದಲ್ಲ, ಅಗಲ ಸಾಮಾನ್ಯವಾಗಿ 6 ಮಿಲಿಮೀಟರ್ ಮೀರಿರುತ್ತದೆ, ದಿನೇ ದಿನೇ ರೂಪ ಬದಲಾಗುತ್ತದೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಅಂಗಾಲು, ಉಗುರಿನ ಕೆಳಗೂ ನೋಡಬೇಕು. ವಿಚಿತ್ರವೆಂದರೆ ಅದು ಬಹಳ ಸಲ ನೋಯುವುದೇ ಇಲ್ಲ, ಅಂದರೆ ‘ಕೆರಳುವುದೇ’ ಇಲ್ಲ. ಕೆರಳಿದ್ದಕ್ಕೆ ಹೆದರಿ, ಸದ್ದಿಲ್ಲದೆ ತಿರುಗಿದ್ದನ್ನು ಬಿಟ್ಟುಬಿಡುತ್ತೇವೆ. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದಾದ್ದರಿಂದ ಡಾಕ್ಟರು ಪರೀಕ್ಷೆಗೆ ಕಳಿಸಿದ್ದು ಸರಿಯೇ.

ನಿಮ್ಮ ಕಡೆ, ವಯಸ್ಸಾದವರ ಬೆನ್ನು, ಎದೆ, ಕೆನ್ನೆಯ ಮೇಲೆ ಏಳುವ ಈ ಅಂಟಿಸಿದಂಥ ಉಬ್ಬಿಗೆ ನರೂಲಿಯಿಂದ ಬೇರೆಯಾದ ಹೆಸರಿದೆಯೇ? ಉಜ್ಜಿ ಹಸಿಯಾಗುವುದಕ್ಕೆ ಒಂದೇ ಪದ ಇದೆಯೇ? ಧಾರವಾಡ, ಕರಾವಳಿ, ಚಾಮರಾಜನಗರದ ಕಡೆಯವರು, ಮನೆಯಲ್ಲಿ ಹಿರಿಯರು ಆಡುವ ಮಾತನ್ನೇ ಹಾಗೇ ಬರೆದು ತಿಳಿಸಿ.